ಮೀನಿನ ತೂಕ, ಬಾಯಿಯ ಸಾಕ್ಷಿ

ರಜೆ ಬಂದರೆ ನಮ್ಮ ಹುಡುಗರು ಗಾಳ ಹಿಡಿದು ಸಾಗರ, ಹೊಸನಗರದ ಕಡೆ ಶರಾವತಿ ಹಿನ್ನೀರಿಗೆ ಹೋಗ್ತಾರೆ. ಹೋಗಲಿ, ಪೇತ್ರನೂ ಗಾಳ ಹಾಕಿದವನೇ. (ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆ ಮತ್ಸ್ಯಧಾಮದಲ್ಲಿ ಮಾತ್ರ ಬೇಡ.)

ನನ್ನ ಪ್ರಶ್ನೆ ತೂಕದ್ದು. 6 ಕೆಜಿ ಕಾಟ್ಲಾ ವಾಟ್ಸಾಪ್ ಸ್ಟೇಟಸ್‌ಗೆ ಬರುವಾಗ 8 ಕೆಜಿ ಆಗೋದು ಹೇಗೆ? ಒದ್ದೆ ಚೀಲದ ಭಾರ ಮೀನಿಗೆ ಸೇರುತ್ತೆ. ಮೀನು ಒದ್ದಾಡುವಾಗ ಅಂಕಿ ಮೇಲೆ ಕೆಳಗೆ ಹಾರುತ್ತೆ, ನಾವು ಮೇಲಿನದ್ದನ್ನೇ ಓದ್ತೀವಿ! ಖಾಲಿ ಒದ್ದೆ ಚೀಲ ತೂಗುಹಾಕಿ ಸೊನ್ನೆ ಮಾಡಿ, ಆಮೇಲೆ ಮೀನು ಇಡಿ, ಅಂಕಿ ನಿಲ್ಲುವವರೆಗೆ ಕಾಯಿರಿ. ತಕ್ಕಡಿ ಮೇಲೇ ಸಂಶಯವಾ? 1 ಲೀಟರ್ ನೀರು 1 ಕೆಜಿ, ತೂಗಿ ನೋಡಿ.

ಧರ್ಮೋಪದೇಶಕಾಂಡ 25:13ರಲ್ಲಿ ಚೀಲದೊಳಗಿನ ಎರಡು ಬಗೆಯ ತೂಕದ ಕಲ್ಲಿನ ಮಾತು ಬರುತ್ತೆ. ಅದು ವ್ಯಾಪಾರದ ವಿಷಯ. ಇಲ್ಲಿ ವ್ಯಾಪಾರವೇ ಇಲ್ಲ, ಯಾರ ದುಡ್ಡೂ ಹೋಗಲ್ಲ, ಮೀನನ್ನೂ ವಾಪಸ್ ನೀರಿಗೆ ಬಿಟ್ಟಾಯ್ತು. ಕೇಳೋರು ಯಾರು? ನನಗೆ ಹೆದರಿಕೆ ಇರೋದು ಅಲ್ಲೇ. ಅದೇ ಬಾಯಿ ಭಾನುವಾರ ಸಭೆಯಲ್ಲಿ ಸಾಕ್ಷಿ ಹೇಳುತ್ತೆ. ತಲೆನೋವು ಹೋಯ್ತು ಅನ್ನೋದು ಮೂರನೇ ವಾರಕ್ಕೆ ಡಾಕ್ಟರೇ ಕೈಬಿಟ್ಟಿದ್ರು ಅಂತ ಆದ್ರೆ, ಹೊಸದಾಗಿ ಬಂದು ಹಿಂದಿನ ಸಾಲಲ್ಲಿ ಕೂತವನು ಯಾವುದನ್ನು ನಂಬಬೇಕು?

ಯೋಹಾನ 21 ತೆಗೆಯಿರಿ. ಎದ್ದುಬಂದ ಕರ್ತನೇ ದಡದಲ್ಲಿದ್ದಾನೆ, ಬಲೆ ತುಂಬಿದೆ. ಸುಮಾರು ಇನ್ನೂರು ಅಂದಿದ್ರೂ ಯಾರೂ ಪ್ರಶ್ನೆ ಮಾಡ್ತಿರಲಿಲ್ಲ. ಆದ್ರೂ ಯಾರೋ ಕೂತು ಎಣಿಸಿದ್ದಾರೆ: 153.