ಕಂಪೈಲರಿಗೆ ಪ್ರಮಾಣವೇನು?

ಪ್ರೋಗ್ರಾಂ ಬರೆಯಲು ಕಂಪ್ಯೂಟರನ್ನು ಸಜ್ಜುಗೊಳಿಸುವವರು ಮೊದಲು ಇನ್‌ಸ್ಟಾಲ್ ಮಾಡಿಕೊಳ್ಳುವ ಸಾಧನಗಳಲ್ಲಿ ಕಂಪೈಲರ್ ಮುಖ್ಯವಾದುದು. ಮನುಷ್ಯರು ಓದಬಲ್ಲ ಮೂಲ ಕೋಡನ್ನು ಯಂತ್ರ ನಡೆಸಬಲ್ಲ ರೂಪಕ್ಕೆ ತರುವ ಈ ತಂತ್ರಾಂಶವೂ ಮತ್ತೊಂದು ಕಂಪೈಲರಿನಿಂದಲೇ ಸಿದ್ಧವಾದದ್ದು, ಅದು ಅದಕ್ಕೂ ಹಿಂದಿನ ಇನ್ನೊಂದರಿಂದ. ಒಂದನ್ನು ನಂಬುವ ಮುನ್ನ ಅದರ ಹಿಂದಿನದನ್ನು ಪರೀಕ್ಷಿಸಬೇಕೆಂದು ಹೊರಟು ಎಲ್ಲಿಯೂ ನೆಲೆ ಸಿಗದಿರುವ ಸ್ಥಿತಿಯನ್ನು ಭಾರತೀಯ ತರ್ಕಶಾಸ್ತ್ರ ಅನವಸ್ಥಾ ದೋಷವೆನ್ನುತ್ತದೆ.

ಯುನಿಕ್ಸ್ ನಿರ್ಮಾತೃಗಳಲ್ಲೊಬ್ಬರಾದ ಕೆನ್ ಥಾಂಪ್ಸನ್ 1984ರಲ್ಲಿ ಪ್ರಕಟವಾದ ತಮ್ಮ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ಈ ದೋಷದ ಭೀಕರ ರೂಪವನ್ನು ವಿವರಿಸಿದರು. ಲಾಗಿನ್ ಪ್ರೋಗ್ರಾಂ ಎದುರಾದಾಗ ಅದರೊಳಗೆ ಕಳ್ಳದಾರಿಯೊಂದನ್ನು ಸೇರಿಸುವ, ತನ್ನದೇ ಮೂಲ ಕೋಡ್ ಎದುರಾದಾಗ ಆ ಕುತಂತ್ರವನ್ನು ಹೊಸ ಕಂಪೈಲರಿಗೂ ದಾಟಿಸುವ ಕಂಪೈಲರೊಂದು ಒಮ್ಮೆ ಸಿದ್ಧವಾದರೆ, ಬಳಿಕ ಮೂಲ ಕೋಡಿನಿಂದ ಆ ಸಾಲುಗಳನ್ನು ಅಳಿಸಿಹಾಕಿದರೂ ಕುತಂತ್ರ ಪೀಳಿಗೆಯಿಂದ ಪೀಳಿಗೆಗೆ ಸಾಗುತ್ತಲೇ ಇರುತ್ತದೆ. ಎಷ್ಟು ಶ್ರದ್ಧೆಯಿಂದ ಓದಿದರೂ ಕೋಡಿನಲ್ಲಿ ಕಳಂಕ ಕಾಣದು.

ಭಾರತೀಯ ದರ್ಶನಗಳಲ್ಲಿ, ತಿಳಿವು ಯಥಾರ್ಥವೆಂದು ನಿಶ್ಚಯವಾಗುವುದು ಯಾವುದರಿಂದ ಎಂಬ ಚರ್ಚೆಗೆ ಪ್ರಾಮಾಣ್ಯವಾದವೆಂದು ಹೆಸರು. ನ್ಯಾಯದರ್ಶನದವರಾದ ನೈಯಾಯಿಕರದು ಪರತಃ ಪ್ರಾಮಾಣ್ಯ, ಅಂದರೆ ತಿಳಿವನ್ನು ನೆಚ್ಚಿ ಮಾಡಿದ ಕೆಲಸ ಫಲಿಸಿದಾಗಲೇ ಅದು ಸರಿಯೆಂದು ಗೊತ್ತಾಗುತ್ತದೆ. ಪ್ರತಿ ಬದಲಾವಣೆಗೂ ಟೆಸ್ಟ್ ಬರೆಯಬೇಕೆಂಬ ಶಿಸ್ತು ಈ ಪಕ್ಷದ್ದು. ಆದರೆ ಟೆಸ್ಟನ್ನೂ ಅದೇ ಕಂಪೈಲರ್ ಕಂಪೈಲ್ ಮಾಡುವುದರಿಂದ ಪರೀಕ್ಷಕನೇ ಪರೀಕ್ಷ್ಯನ ಕೈಯಲ್ಲಿರುತ್ತಾನೆ. ಕುಮಾರಿಲ ಭಟ್ಟನ ಮೀಮಾಂಸೆಯಾದರೋ, ತಿಳಿವು ಸ್ವತಃ ಪ್ರಮಾಣವೆಂದೂ, ಅದನ್ನು ಅಲ್ಲಗಳೆಯುವ ಬಾಧಕ ಜ್ಞಾನ ಬಂದಾಗ ಅಥವಾ ಅದರ ಕಾರಣದಲ್ಲಿ ದೋಷ ಕಂಡಾಗ ಮಾತ್ರ ಅದನ್ನು ಬಿಡಬೇಕೆಂದೂ ಹೇಳುತ್ತದೆ.

ಪ್ರೋಗ್ರಾಮರರ ನಿತ್ಯದ ನಡೆ, ಅವರು ಒಪ್ಪಲಿ ಬಿಡಲಿ, ಮೀಮಾಂಸಕರದೇ. ಲಿನಕ್ಸ್ ವ್ಯವಸ್ಥೆಗಳು ನೆಚ್ಚಿದ್ದ ಎಕ್ಸ್‌ಜೆಡ್ ಎಂಬ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿದ್ದ ಕಳ್ಳದಾರಿ 2024ರ ಮಾರ್ಚ್‌ನಲ್ಲಿ ಬಯಲಾದದ್ದು, ದೂರದ ಯಂತ್ರಕ್ಕೆ ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುವುದನ್ನು ಗಮನಿಸಿದ ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್ ಅದರ ಬೆನ್ನುಹತ್ತಿದ್ದರಿಂದ. ಆ ಅರ್ಧ ಸೆಕೆಂಡೇ ಬಾಧಕ. (ದುಷ್ಟ ಕೋಡ್ ಅಡಗಿದ್ದುದು ಟೆಸ್ಟಿಗೆಂದು ಇಟ್ಟ ಫೈಲುಗಳಲ್ಲೇ ಎಂಬುದು ನೈಯಾಯಿಕರಿಗೆ ಕಹಿಯೆನಿಸುವ ವಿವರ.) ಲೈಬ್ರರಿಗಳ ಆವೃತ್ತಿಗಳನ್ನು ಲಾಕ್ ಫೈಲಿನಲ್ಲಿ ಗೊತ್ತುಪಡಿಸುವುದು, ಚೆಕ್‌ಸಮ್ ತಾಳೆನೋಡುವುದು, ಪ್ರತಿ ಬದಲಾವಣೆಯನ್ನೂ ಗಿಟ್‌ನಲ್ಲಿ ದಾಖಲಿಸುವುದು ಮುಂತಾದ ಸದಭ್ಯಾಸಗಳಿಂದ ಪ್ರಾಮಾಣ್ಯ ಸಿದ್ಧಿಸದಿದ್ದರೂ, ಬಾಧಕ ಬಂದಾಗ ನಂಬಿಕೆಯನ್ನು ಎಲ್ಲಿಯವರೆಗೆ ಹಿಂತೆಗೆಯಬೇಕೆಂಬುದು ಅವುಗಳಿಂದ ತಿಳಿಯುತ್ತದೆ.

ಉಡುಪಿಯ ಮಧ್ವಾಚಾರ್ಯರ ದ್ವೈತವೂ ಸ್ವತಃ ಪ್ರಾಮಾಣ್ಯವನ್ನೇ ಒಪ್ಪಿ, ತಿಳಿವನ್ನೂ ಅದರ ಪ್ರಾಮಾಣ್ಯವನ್ನೂ ಒಟ್ಟಿಗೆ ಗ್ರಹಿಸುವ, ಜೀವಸ್ವರೂಪವೇ ಆದ ಸಾಕ್ಷಿಯಲ್ಲಿ ಅನವಸ್ಥೆ ನಿಲ್ಲುತ್ತದೆ ಎನ್ನುತ್ತದೆ. ಯಂತ್ರದಲ್ಲಿ ಅಂಥ ಸಾಕ್ಷಿಯಿಲ್ಲ. ಆದರೂ ಡೇವಿಡ್ ವೀಲರ್ 2009ರ ತಮ್ಮ ಡಾಕ್ಟರೇಟ್ ಪ್ರಬಂಧದಲ್ಲಿ ಪ್ರತಿಪಾದಿಸಿದ ವಿಧಾನದಂತೆ, ಅನುಮಾನಕ್ಕೊಳಗಾದ ಕಂಪೈಲರಿನ ಮೂಲ ಕೋಡನ್ನು ಸ್ವತಂತ್ರವಾದ ಇನ್ನೊಂದರಿಂದ ಸಿದ್ಧಪಡಿಸಿ, ಹಾಗೆ ಬಂದದ್ದರಿಂದ ಅದೇ ಕೋಡನ್ನು ಮತ್ತೊಮ್ಮೆ ಕಂಪೈಲ್ ಮಾಡಿ, ಫಲಿತವನ್ನು ಅನುಮಾನಕ್ಕೊಳಗಾದ ಕಂಪೈಲರಿನೊಡನೆ ಬಿಟ್ ಬಿಟ್ ಆಗಿ ಹೋಲಿಸಿದರೆ ಥಾಂಪ್ಸನ್ ಹೇಳಿದ ಕುತಂತ್ರ ಸಿಕ್ಕಿಬೀಳುತ್ತದೆ. ಎರಡೂ ಕಂಪೈಲರುಗಳು ಒಂದೇ ಬಗೆಯಲ್ಲಿ ಕೆಟ್ಟಿರಲಾರವು ಎಂದಷ್ಟೇ ಅಲ್ಲಿ ನಂಬಬೇಕಾಗುತ್ತದೆ.