ಹತ್ತನೇ ತಾರೀಕಿನ ಸೂರ್ಯ

2021ರ ಜನವರಿ 9, ಶನಿವಾರ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರಾತ್ರಿ ಎಂಟೂವರೆಯ ಸುಮಾರಿಗೆ ಏರ್ ಇಂಡಿಯಾದ ಬೋಯಿಂಗ್ 777 ವಿಮಾನವೊಂದು ಮೇಲೆದ್ದಿತು. ನಡೆಸುತ್ತಿದ್ದವರು ಕ್ಯಾಪ್ಟನ್ ಜೋಯಾ ಅಗರ್‌ವಾಲ್. ಜೊತೆಗಿದ್ದ ಪೈಲಟ್‌ಗಳೂ ಎಲ್ಲ ಹೆಂಗಸರೇ. ಎಲ್ಲೂ ಇಳಿಯದೆ, ಉತ್ತರ ಧ್ರುವದ ಮೇಲೆ ಹಾದು, ಸುಮಾರು ಹದಿನೇಳು ಗಂಟೆ ಹಾರಿ ಬೆಂಗಳೂರಿನ ದೇವನಹಳ್ಳಿಯಲ್ಲಿ ಇಳಿದಾಗ ಇಲ್ಲಿ ಸೋಮವಾರ, 11ನೇ ತಾರೀಕು, ಬೆಳಗಿನ ಜಾವ ಮೂರು ದಾಟಿತ್ತು.

ಹಾಗಾದರೆ ಹತ್ತನೇ ತಾರೀಕು ಎಲ್ಲಿ ಹೋಯಿತು? ಅಲ್ಲಿಗೂ ಇಲ್ಲಿಗೂ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆಯ ಅಂತರ ಎಂದು ಲೆಕ್ಕ ಒಪ್ಪಿಸಬಹುದು. ಲೆಕ್ಕ ಸರಿಯೇ, ಆದರೆ ನನ್ನ ಬೆರಗು ಅದರಿಂದ ತೀರುವುದಿಲ್ಲ. ಹೊರಟಾಗ ರಾತ್ರಿ. ಉತ್ತರಕ್ಕೆ ಏರುತ್ತ ಹೋದಂತೆ ಇನ್ನೂ ರಾತ್ರಿ. ಜನವರಿಯಲ್ಲಿ ಧ್ರುವಕ್ಕೆ ಸೂರ್ಯನೇ ಇಲ್ಲ. ಅದನ್ನು ದಾಟಿ ಏಷ್ಯಾದ ಕಡೆ ಇಳಿಯುವ ಹೊತ್ತಿಗೆ ಇಲ್ಲಿ ಸಂಜೆ ಮುಗಿದು ಕತ್ತಲಾಗಿತ್ತು. ಆ ಭಾನುವಾರ ಬೆಂಗಳೂರಿನಲ್ಲಿ ಎಂದಿನಂತೆ ಸೂರ್ಯ ಹುಟ್ಟಿ ಮುಳುಗಿದ, ಕ್ಯಾಲಿಫೋರ್ನಿಯಾದಲ್ಲೂ ಹುಟ್ಟಿ ಮುಳುಗಿದ. ಆ ವಿಮಾನದಲ್ಲಿದ್ದವರ ಪಾಲಿಗೆ ಮಾತ್ರ ಅಂದು ಹಗಲು ಆಗಲೇ ಇಲ್ಲ.

ಎರಡು ಊರುಗಳ ನಡುವೆ ಸುಮಾರು 14,000 ಕಿಲೋಮೀಟರ್. ಗೋಡೆಯ ಭೂಪಟ ನೋಡಿದರೆ ಪೂರ್ವಕ್ಕೋ ಪಶ್ಚಿಮಕ್ಕೋ ಸಮುದ್ರ ದಾಟಿ ಹೋಗಬೇಕು ಅನ್ನಿಸುತ್ತದೆ. ಗ್ಲೋಬ್ ತೆಗೆದುಕೊಳ್ಳಿ. ಹೂ ಕಟ್ಟುವ ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೋ ತನಕ ಬಿಗಿಯಾಗಿ ಎಳೆಯಿರಿ. ದಾರ ತಾನಾಗಿ ಮೇಲಕ್ಕೆ ಜಾರಿ ಸೈಬೀರಿಯಾ, ಆರ್ಕ್ಟಿಕ್, ಅಲಾಸ್ಕಾಗಳ ಮೇಲೆ ಕೂರುತ್ತದೆ. ಕ್ಯಾಲಿಫೋರ್ನಿಯಾ ನಮಗೆ ಹೆಚ್ಚುಕಡಿಮೆ ಉತ್ತರದಲ್ಲಿದೆ! ಗಾಳಿಯ ಮಾತು ಬೇರೆ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಬಿರುಗಾಳಿಯ ಬೆನ್ನೇರಿದರೆ, ಕೆಲವೊಮ್ಮೆ ಸುತ್ತಿನ ದಾರಿಯೇ ಬೇಗ ಮುಟ್ಟಿಸುತ್ತದೆ.

ಆ ಉತ್ತರದ ದಾರಿ ಸುಲಭದ್ದಲ್ಲ. ಅಲ್ಲಿ ದಿಕ್ಸೂಚಿಯ ಮುಳ್ಳನ್ನು ನಂಬುವಂತಿಲ್ಲ. ಅಮೆರಿಕದಲ್ಲಿ ಸಾಮಾನ್ಯವಾಗಿ ತುಂಬಿಸುವ ಜೆಟ್-ಎ ಇಂಧನ ಮೈನಸ್ 40 ಡಿಗ್ರಿಯ ಹತ್ತಿರ ಗಟ್ಟಿಯಾಗತೊಡಗುತ್ತದೆ. ಹೊರಗಿನ ಚಳಿ ಅದಕ್ಕಿಂತ ಎಷ್ಟೋ ಹೆಚ್ಚು. ರೆಕ್ಕೆಯೊಳಗಿನ ಇಂಧನ ಎಷ್ಟು ತಣ್ಣಗಾಯಿತು ಎಂದು ಪೈಲಟ್‌ಗಳು ಗಂಟೆಗಟ್ಟಲೆ ಕಣ್ಣಿಟ್ಟಿರಬೇಕು. ಹಿಂದೆ ಕೂತವರು ಕಂಬಳಿ ಹೊದ್ದು ಸಿನಿಮಾ ನೋಡುತ್ತಿರುತ್ತಾರೆ.

ಮಗ, ಸೊಸೆ, ಮೊಮ್ಮಕ್ಕಳು ಕ್ಯಾಲಿಫೋರ್ನಿಯಾದ ಕಡೆ ಇರುವ ಮನೆಗಳು ಬೆಂಗಳೂರಿನಲ್ಲಿ ಎಷ್ಟೋ ಇವೆ. ಅಲ್ಲೆಲ್ಲ ಕೇಳುವುದು ಒಂದೇ, ‘ಎಷ್ಟು ಗಂಟೆ ಪ್ರಯಾಣ?’ ಇಷ್ಟು ದೊಡ್ಡ ಭೂಮಿಯನ್ನು ನಾವು ಗಂಟೆಗಳಿಗೆ ಇಳಿಸಿಬಿಟ್ಟಿದ್ದೇವೆ. ಇದು ನಷ್ಟವೇ ಎನ್ನುತ್ತೇನೆ. ಮುಂದಿನ ಸಲ ಅಲ್ಲಿಂದ ಯಾರಾದರೂ ಬಂದರೆ, ನಿದ್ದೆ ಬಂತಾ, ಊಟ ಸೇರಿತಾ ಎಂದು ವಿಚಾರಿಸಿದ ಮೇಲೆ, ಯಾವ ದಾರಿಯಲ್ಲಿ ಬಂದಿರಿ ಎಂದೂ ಕೇಳಿ. ಮನೆಯ ಮಕ್ಕಳ ಎದುರಿಗೇ ಕೇಳಿ.