ತಂದೆಯ ಕಾಗದ, ಮಗನ ಕರ್ಮ

ಒಬ್ಬನು ಮಾಡಿದ ಕರ್ಮದ ಫಲವನ್ನು ಮತ್ತೊಬ್ಬನು ಉಣ್ಣಲಾರನು. ಜೀವನು ತನ್ನ ಕರ್ಮಕ್ಕೆ ತಾನೇ ಕರ್ತೃ, ತಾನೇ ಭೋಕ್ತೃ. ಈ ಸಿದ್ಧಾಂತವನ್ನು ಒಪ್ಪಿದವರಿಗೆ ಒಂದು ಸಂದೇಹ ಸಹಜವಾಗಿಯೇ ಎದುರಾಗುತ್ತದೆ. ಹಾಗಿದ್ದರೆ ಅನ್ಯಾಯದಿಂದ ಆಸ್ತಿಯನ್ನು ಕೂಡಿಟ್ಟ ತಂದೆಯ ಮಗನಿಗೆ ಯಾವ ದೋಷವೂ ತಟ್ಟದೆ?

ಕನ್ನಡದಲ್ಲಿ ಈ ಸಂದೇಹವನ್ನು ಜನಸಾಮಾನ್ಯರ ಮುಂದಿಟ್ಟ ಚಲನಚಿತ್ರ 1974ರ ‘ಭೂತಯ್ಯನ ಮಗ ಅಯ್ಯು’. ಗೊರೂರು ರಾಮಸ್ವಾಮಿ ಅಯ್ಯಂಗಾರರ ಕಥೆಯನ್ನು ಆಧರಿಸಿ ಸಿದ್ದಲಿಂಗಯ್ಯನವರು ಇದನ್ನು ನಿರ್ದೇಶಿಸಿದರು. ಸಾಲ ಕೊಟ್ಟು ಊರಿನ ಹೊಲಗದ್ದೆಗಳನ್ನು ನುಂಗುವ ಭೂತಯ್ಯ ಸತ್ತಾಗ ಅವನ ಹೆಣಕ್ಕೆ ಹೆಗಲು ಕೊಡಲು ಊರವರು ಬರುವುದಿಲ್ಲ. ಜಮೀನಿನೊಡನೆ ಆ ದ್ವೇಷವೂ ಮಗ ಅಯ್ಯುವಿನ ಪಾಲಿಗೆ ಬರುತ್ತದೆ. ಇತ್ತ ಗುಳ್ಳನೂ ತನ್ನ ಮನೆತನದ ನೋವನ್ನು ಹಗೆಯಾಗಿ ಹೊತ್ತು ನ್ಯಾಯಾಲಯದ ಮೆಟ್ಟಿಲೇರುತ್ತಾನೆ. ಹೊಲವನ್ನು ಹಂಚಿದರೆ ಪ್ರತಿಯೊಬ್ಬನ ಪಾಲು ಕಿರಿದಾಗುತ್ತದೆ. ವೈರವನ್ನು ಹಂಚಿದರೆ ಮಾತ್ರ ಪ್ರತಿಯೊಬ್ಬನಿಗೂ ಅದು ಇಡಿಯಾಗಿಯೇ ದೊರೆಯುತ್ತದೆ.

ಮಗನು ಹೇಳಬಹುದು: ‘ಬರೆಸಿಕೊಂಡವನು ನಾನಲ್ಲ, ಅನುಭವಿಸುತ್ತಿರುವವನು ಮಾತ್ರ.’ ಉಮಾಸ್ವಾತಿ ಆಚಾರ್ಯರ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಇದಕ್ಕೆ ಆಸ್ಪದ ಕೊಡುವುದಿಲ್ಲ. ಸುಳ್ಳು ಪತ್ರ ಬರೆಯುವ ಕೂಟಲೇಖಕ್ರಿಯೆಯನ್ನೂ ನಂಬಿ ಇಟ್ಟದ್ದನ್ನು ನುಂಗುವ ನ್ಯಾಸಾಪಹಾರವನ್ನೂ ಅದು ಸತ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸುತ್ತದೆ. ಕದ್ದು ತಂದುದನ್ನು ಸ್ವೀಕರಿಸುವ ತದಾಹೃತಾದಾನವು ಅಚೌರ್ಯಾಣುವ್ರತದ ಅತಿಚಾರ. ಮೊದಲೆರಡು ತಂದೆಯವಾಗಿರಬಹುದು, ಮೂರನೆಯದು, ತಿಳಿದೂ ಇಟ್ಟುಕೊಂಡರೆ, ಮಗನದೇ. ತಾನು ಮಾಡುವುದು, ಮಾಡಿಸುವುದು, ಅನುಮೋದಿಸುವುದು ಎಂಬ ಮೂರು ಬಾಗಿಲುಗಳಿಂದಲೂ ಕರ್ಮ ಒಳಬರುತ್ತದೆಂಬುದನ್ನು ಮರೆಯಲಾಗದು. ತಂದೆಯ ಕರ್ಮ ಮಗನಿಗೆ ಬಾರದು. ತಂದೆಯ ಕಾಗದ ಬರುತ್ತದೆ. ಆ ಕಾಗದವನ್ನು ಏನು ಮಾಡುತ್ತಾನೆಂಬುದು ಅವನ ಸ್ವಂತ ಕರ್ಮ.

ಹಾಗೆಂದು ಎಲ್ಲ ತಲೆಮಾರುಗಳ ಲೆಕ್ಕವನ್ನೂ ಕೆದಕುತ್ತ ಕುಳಿತರೆ ಯಾವ ಮನೆಯೂ ನಿಲ್ಲದು ಎಂಬ ಆಕ್ಷೇಪದಲ್ಲಿ ಸತ್ಯವಿಲ್ಲದಿಲ್ಲ. ಇದಕ್ಕೊಂದು ಮೇರೆ ಬೇಕು: ಅನ್ಯಾಯವು ತನಗೆ ತಿಳಿದಿರಬೇಕು, ಅದರ ಫಲ ತನ್ನ ಕೈಯಲ್ಲಿರಬೇಕು, ನಷ್ಟವುಂಡವರು ಇಂದೂ ಎದುರಿಗಿರಬೇಕು. ಈ ಮೂರೂ ಕೂಡಿದಲ್ಲಿ ಮೌನವೇ ಅನುಮೋದನೆಯಾಗುತ್ತದೆ.

ಚಿತ್ರ ತೆರೆಕಂಡ ವರ್ಷವೇ, 1974ರ ಮಾರ್ಚ್ 1ರಂದು, ಕರ್ನಾಟಕದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದಿತು. ಗೇಣಿ ಪದ್ಧತಿ ಅಳಿಯಿತು. ಗೇಣಿದಾರರು ಭೂನ್ಯಾಯಮಂಡಳಿಗಳಿಗೆ ಅರ್ಜಿ ಸಲ್ಲಿಸಿ ಒಡೆತನ ಪಡೆದರು. ಕರಾವಳಿಯ ಅನೇಕ ಜೈನ ಮನೆತನಗಳೂ ಆಗ ಭೂಮಿ ಕಳೆದುಕೊಂಡವು. ಆ ನೋವನ್ನು ಹಗುರವಾಗಿ ಕಾಣಬೇಕಿಲ್ಲ. ಅವರೆಲ್ಲರೂ ಭೂತಯ್ಯರಾಗಿದ್ದರೆಂದು ಹೇಳುವುದೂ ಅಸತ್ಯ. ಆದರೆ ಕಾನೂನು ಹೊಲದ ಒಡೆಯನನ್ನು ಬದಲಿಸಬಲ್ಲುದೇ ಹೊರತು ಒಡೆಯನ ಮನಸ್ಸನ್ನಲ್ಲ. ಕೈಯಿಂದ ಹೋದದ್ದು ತ್ಯಾಗವಲ್ಲ, ಕೈಯಾರೆ ಬಿಟ್ಟದ್ದು ಮಾತ್ರ ತ್ಯಾಗ. ಅಯ್ಯುವಿನ ಪರಿವರ್ತನೆಗೆ ಬೆಲೆ ಬಂದದ್ದು ಅದು ಅವನ ಒಳಗಿನಿಂದ ಬಂದುದರಿಂದ. ಕೊನೆಯಲ್ಲಿ ಊರಿಗೆ ನುಗ್ಗುವ ನೆರೆನೀರಿಗೆ ಪತ್ರ ಯಾರ ಹೆಸರಿನಲ್ಲಿದೆಯೆಂಬ ಭೇದವಿಲ್ಲ.

ಇದು ತೆರೆಯ ಮೇಲಿನ ಊರಿನ ಮಾತಷ್ಟೇ ಅಲ್ಲ. ಹೊಸದುರ್ಗ ತಾಲ್ಲೂಕಿನ ಬಾಗೂರಿನಂತಹ ಬಯಲುಸೀಮೆಯ ಹಳ್ಳಿಗಳಲ್ಲಿಯೂ ಪಹಣಿ, ಪೋಡಿ, ಬದುಗಳ ತಕರಾರು ಅಜ್ಜನಿಂದ ಮೊಮ್ಮಗನಿಗೆ ದಾಟುವುದು ಅಪರೂಪವಲ್ಲ. ಅಂತಹ ಮನೆಯ ಹಿರಿಯರು ಮಕ್ಕಳಿಗೆ ವಿಭಾಗಪತ್ರ ಬರೆಯುವ ಮುನ್ನ, ಇದರಲ್ಲಿ ಪರರದೇನಾದರೂ ಇದೆಯೇ ಎಂದು ಒಮ್ಮೆ ನೋಡುವುದು ಶ್ರಾವಕಧರ್ಮ. ಬಸದಿಗಳ ಆಡಳಿತ ವಹಿಸಿದವರಿಗೂ ಇಲ್ಲಿ ಹೊಣೆಯುಂಟು. ದಾನಕ್ಕೆ ಯೋಗ್ಯವಾದುದು ನ್ಯಾಯೋಪಾರ್ಜಿತ ಧನ. ನೆರೆಯವನಿಗೆ ಮರಳಿಸಬೇಕಾದುದನ್ನು ಜಿನಾಲಯಕ್ಕೆ ಅರ್ಪಿಸಿದರೆ ಋಣ ತೀರುವುದಿಲ್ಲ. ಅದು ಮೊದಲು ನೆರೆಯವನ ಮನೆಗೆ ಹೋಗಬೇಕು.